ಅರ್ಧ ಪುಟ

ಅಣೆಕಟ್ಟು ಒಂದು ಮೀಟರು ಏರಿದರೆ ಮುಳುಗುವ
ಸೆಂಟ್ಸುಗಳ ಲೆಕ್ಕ, ನಲವತ್ತು ಪುಟ.
ಕಡಲನ್ನು ಸಿಹಿ ಮಾಡುವ ಕರೆಂಟು ಬಿಲ್ಲು, ಇಪ್ಪತ್ತೆರಡು.
ಹಳೇ ಬಾವಿಗಳಿಗೆ ಅರ್ಧ.
ಆ ಅರ್ಧಕ್ಕೆಂದು ನಾನು
ಮೇ ತಿಂಗಳ ನೆತ್ತಿಬಿಸಿಲಲ್ಲಿ ಜೆಪ್ಪುವಿನಲ್ಲಿದ್ದೇನೆ.

ಐರಿನ್ ಬಾಯಿ ಸ್ಕೂಟರು ಸರಿಸಿದರು.
ಕೆಳಗೆ ಚಪ್ಪಡಿ.
“ನಳ್ಳಿ ಬಂದ ವರ್ಷ ಮುಚ್ಚಿದ್ದು. ನಿಲ್ಲಿ, ಹಾರೆ ತರ್ತೇನೆ.”

ಸಂದಿಯಲ್ಲಿ ಕಲ್ಲು ಬಿಟ್ಟೆ.
ಒಂದು, ಎರಡು,
ಗುಳುಂ.
ಇಬ್ಬರೂ ನಕ್ಕೆವು, ಯಾಕೋ.

ಕೊಡಪಾನ ಮೇಲೆ ಬಂತು.
ತಣ್ಣಗೆ, ತಿಳಿಯಾಗಿ. ಮೂಗಿಗೆ ಹಿಡಿದೆ:
ಚರಂಡಿ.
‘ಬಾವಿ ಹಾಳು’ ಎಂದು ಬರೆಯಹೊರಟೆ.
ಪೆನ್ನಿಗೆ ಅವರ ಕೈ ಅಡ್ಡ ಬಂತು.
“ಬಾವಿಯದ್ದಲ್ಲ ಮಾರಾಯ್ರೆ, ಅದು
ರಸ್ತೆಯಡಿ ನಿಮ್ಮ ಪೈಪಿನದ್ದು. ಹಾಗೇ ಬರೆಯಿರಿ.”

ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಬರೆದೆ, ಕಾಗದ ಅಡ್ಡ ತಿರುಗಿಸಿ.