ದಡಕ್ಕೊಂದು ದೋಣಿ

ಸಣ್ಣ ವಿಮಾನ ಹತ್ತುವ ಮುನ್ನ ತೂಕದ ಯಂತ್ರ.
ಬರೀ ಚೀಲವನ್ನಲ್ಲ, ಚೀಲ ಹೊತ್ತ ನಮ್ಮನ್ನೇ ತೂಗಿ
ಗಟ್ಟಿಯಾಗಿ ಓದಿದ ಪೈಲಟ್ ಹುಡುಗ.
ಗಂಡನಿಗೂ ಹೇಳದ ಅಂಕಿಯಪ್ಪಾ ಅದು, ಎಂದಳು ಕೋರಲ್.
ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಐವರೂ.
ಆಮೇಲೆ ಮೂರು ದಿನ
ಅಂಥ ನಗು ಹತ್ತಿರ ಸುಳಿಯಲಿಲ್ಲ.

ಟ್ಯಾಸ್ಮೇನಿಯಾದ ತೆಂಕಣ ಅಂಚು.
ಇದರ ಕೆಳಗೆ ನೀರು, ನೀರಿನ ಕೆಳಗೆ ಹಿಮ, ಅಷ್ಟೇ.
ನಮ್ಮನ್ನಿಳಿಸಿ ಹಾರಿದ ವಿಮಾನದ ಸದ್ದು
ಸೊಳ್ಳೆಯಷ್ಟಾಯಿತು,
ಆಮೇಲೆ ಸೊಳ್ಳೆಯೇ ಆಯಿತು.

ಟ್ಯಾಮ್ಸಿನ್ ಸೂಲಗಿತ್ತಿ.
ಕೋರಲ್ ಶಾಲೆಯ ಬಸ್ ಓಡಿಸುತ್ತಾಳೆ.
ಅವಳ ತಂಗಿ ಮೆರಿನ್ ಏನು ಮಾಡುತ್ತಾಳೋ
ಎಂಟು ರಾತ್ರಿ ಪಕ್ಕದಲ್ಲೇ ಮಲಗಿಯೂ ನಾನು ಕೇಳಲಿಲ್ಲ.
ಗ್ವೆಂಡಾಗೆ ಅರವತ್ತೆಂಟು;
ಯಾರೂ ಕೇಳುವ ಮೊದಲೇ ಹೇಳಿಬಿಡುತ್ತಾಳೆ.
ನಾನು ಸಾಲ್ಮನ್ ಕಾರ್ಖಾನೆಯಲ್ಲಿ
ಚಿಮಟ ಹಿಡಿದು ಮುಳ್ಳು ಕೀಳುವವಳು.

ಮತ್ತೆ ಕೆಸರು.
ಹಿಮ್ಮಡಿಯ ಕೆಸರು, ಮೀನಖಂಡದ ಕೆಸರು,
ತೊಡೆ ಹಿಡಿದು ಬೂಟು ಕೇಳುವ ಕೆಸರು.
ಬದಿಯಲ್ಲಿ ದಾಟಿದರೆ ದಾರಿ ಹಿಗ್ಗಿ ಹುಲ್ಲು ಸಾಯುತ್ತದಂತೆ,
ನಟ್ಟನಡುವೆಯೇ ನಡೆಯಬೇಕಂತೆ.
ನಡೆದೆವು.
ರಾತ್ರಿ ಟಾರ್ಚ್ ಹಿಡಿದು ಒಬ್ಬರ ಬೆನ್ನಿನ ಜಿಗಣೆ ಇನ್ನೊಬ್ಬರು ಕಿತ್ತೆವು,
ಪರಿಚಯವೆಂದರೆ ಇದೇ ಎಂಬಂತೆ.

ನಾಲ್ಕನೆಯ ದಿನ ಬೆಟ್ಟಸಾಲು.
ಗಾಳಿ ಬಲಗಿವಿಯಿಂದ ಹೊಕ್ಕು ಎಡಗಿವಿಯಿಂದ ಹೊರಟು
ನಡುವೆ ಇದ್ದುದನ್ನೆಲ್ಲ ಒಯ್ದಿತು.
ಗ್ವೆಂಡಾ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು.
ನಿನ್ನ ಗುಡಾರ ಇತ್ತ ಕೊಡು, ಎಂದೆ.
ಕರುಣೆಯಿಂದಲ್ಲ, ಸಿಟ್ಟಿನಿಂದ.
ಅವಳಿಗದು ಗೊತ್ತಾಯಿತು.
ಗೊತ್ತಾಗಿಯೂ ಕೊಟ್ಟಳು.
ಹೊರುವುದಕ್ಕೆ ಹೆಗಲು ಸಾಕು,
ಹಾಗೆ ಕೊಡುವುದಕ್ಕೆ ಎದೆ ಬೇಕು ಎಂದು
ಆವತ್ತು ನನಗೆ ಹೊಳೆಯಲಿಲ್ಲ.
ಭಾರ, ಹಾಳಾದ್ದು, ಕಲ್ಲಿನಷ್ಟು ಭಾರ
ಎಂದಷ್ಟೇ ಅನ್ನಿಸಿತ್ತು.

ಅಳಿವೆಯಲ್ಲಿ ದೋಣಿ.
ನಮ್ಮ ದಡದಲ್ಲೊಂದು, ಆಚೆಯೊಂದು, ಬೋರಲು.
ದಾಟಿದವರು ಆಚೆಯದನ್ನು ಕಟ್ಟಿ ಎಳೆದು ತಂದು
ಈಚೆ ಬಿಟ್ಟು ಮರಳಬೇಕು:
ದಡಕ್ಕೊಂದು ದೋಣಿ ಇರಲೇಬೇಕು.
ಒಂದು ಸಲದ ನೀರಿಗೆ ಮೂರು ಸಲದ ತೋಳು.

ಮೊದಲ ಸಲ ಟ್ಯಾಮ್ಸಿನ್ ಹುಟ್ಟು ಹಿಡಿದಳು.
ಹುಟ್ಟಿನ ಕೆಲಸವೇ ಅಲ್ಲವೆ ಅವಳದು!
ಉಸಿರು ಬಿಡು, ಈಗ ತಳ್ಳು, ತಳ್ಳು,
ತನಗೆ ತಾನೇ ಹೇಳಿಕೊಳ್ಳುತ್ತ
ನಮ್ಮನ್ನು ದಡಕ್ಕೆ ಹೆತ್ತಳು.

ಇನ್ನು ಮರಳುವವರಾರು?
ಹಿಂದೆ ಯಾರೂ ಇಲ್ಲ.
ಐದು ದಿನದಿಂದ ಒಂದು ಹೊಗೆ ಇಲ್ಲ, ಒಂದು ಟೋಪಿ ಇಲ್ಲ.
ಬಿಡಿ, ಯಾರು ನೋಡುತ್ತಾರೆ ಎಂದವಳು ನಾನೇ.
ಗ್ವೆಂಡಾ ಮಾತಾಡದೆ ದೋಣಿಯ ಮೂತಿ ತಿರುಗಿಸಿದಳು.
ನಾಚಿಕೆಗೆ ನಾನೂ ಹತ್ತಿದೆ.

ನೆಲದ ಮೇಲೆ ಕುಂಟಿದ ಹೆಂಗಸು
ನೀರಿನ ಮೇಲೆ ಬೇರೆಯೇ ಪ್ರಾಣಿ.
ಅಪ್ಪ ಸಿಂಪಿ ಹಿಡಿಯುತ್ತಿದ್ದ, ಎಂದಳು, ಅಷ್ಟೇ ವಿವರ.
ಹಿಂದೆ ಖಾಲಿ ದೋಣಿ
ಹಗ್ಗ ಕಟ್ಟಿದ ಕರುವಿನ ಹಾಗೆ ಬರುತ್ತಿತ್ತು.
ನಡುನೀರಿನಲ್ಲಿ ನಾನೆಂದೆ:
ನಿನ್ನ ಗುಡಾರ ಇಷ್ಟೇಕೆ ಭಾರ?
ಗುಡಾರ ಹಗುರ, ಮಾರಾಯ್ತಿ,
ಸುತ್ತಿಟ್ಟ ಬಾಟಲಿ ಭಾರ.

ಆ ನಗುವಿಗೆ ಹುಟ್ಟು ಕೈ ಜಾರಿ
ಸುಮಾರು ದೂರ ಕಡಲ ಕಡೆಗೆ ತೇಲಿದೆವು.

ಕೊನೆಯ ರಾತ್ರಿ ಅದನ್ನು ತೆರೆದೆವು,
ಅವಳ ಮನೆಯ ಪ್ಲಮ್ಮಿನ ಮದ್ಯ, ಐದು ತಗಡಿನ ಲೋಟ.
ಬೆಳಿಗ್ಗೆ ರಸ್ತೆ ಮೊದಲಾಗುವಲ್ಲಿ, ಪುಸ್ತಕದಲ್ಲಿ,
ಹೊರಬಂದವರೆಂದು ಹೆಸರು ಬರೆದೆವು.
ಕೋರಲ್‌ಳ ಮಗ ಮಾಂಸದ ಕಜ್ಜಾಯ ತಂದಿದ್ದ,
ನಮ್ಮನ್ನು ಹತ್ತಿಸಿಕೊಂಡು ಕಿಟಕಿ ನಾಲ್ಕೂ ಇಳಿಸಿದ.

ಸೋಮವಾರ. ಮೇಜಿನ ಮೇಲೆ ಮೀನು, ಕೈಯಲ್ಲಿ ಚಿಮಟ.
ಉಗುರಿನ ಸಂದಿಯ ಕೆಸರು ಇನ್ನೂ ಹೋಗಿಲ್ಲ.
ರೇಡಿಯೋದಲ್ಲಿ ಹೇಳುತ್ತಿದ್ದಾರೆ
ತೆಂಕಣ ತೀರಕ್ಕೆ ರಾತ್ರಿ ಬಿರುಗಾಳಿ ಎಂದು.
ಮುಳ್ಳು ಕೀಳುತ್ತ ಲೆಕ್ಕ ತಪ್ಪುತ್ತೇನೆ:
ಆಚೆ ದಡದ ದೋಣಿಯನ್ನು
ಬೋರಲು ಹಾಕಿದ್ದು ನೆನಪಿದೆ.
ಹಗ್ಗ ಕಟ್ಟಿದ್ದು ಅವಳೋ, ನಾನೋ?