ಅಂದಿಗೆ ಇದ್ದಂತೆ

ಭಾನುವಾರ ಲಕೋಟೆ ಬರುತ್ತದೆ. ಒಳಗೆ ಕಾನೂನು,
ಮೂರು ತೂತಿನ ಹಾಳೆಗಳಲ್ಲಿ. ಮೇಲೊಂದು ಹಳದಿ ಚೀಟಿ:
ತೆಗೆಯಿರಿ ೨೧೧ರಿಂದ ೨೧೮.
ಸೇರಿಸಿರಿ ೨೧೧ರಿಂದ ೨೨೪.

ಇಷ್ಟೇ ನನ್ನ ಕೆಲಸ. ರೂವಿಯ ಈ ಎರಡನೇ ಮಾಳಿಗೆಯಲ್ಲಿ,
ಕೆಳಗೆ ಊರಿಗೆ ದುಡ್ಡು ಕಳಿಸುವವರ ಸಾಲು, ಎದುರಿಗೆ
ಒಂದೆಳೆ ಹುಲ್ಲೂ ಹುಟ್ಟದ ಕಂದು ಗುಡ್ಡ,
ಹದಿನಾರು ವರ್ಷದಿಂದ ನಾನು
ಕಾಯಿದೆಯ ಹಳೇ ಹಲ್ಲು ಕಿತ್ತು ಹೊಸ ಹಲ್ಲು ಕೂರಿಸುತ್ತಿದ್ದೇನೆ.
ಉಕ್ಕಿನ ಉಂಗುರ ತೆರೆಯುವಾಗ ಟಕ್,
ಮುಚ್ಚುವಾಗ ಟಕ್.
ನಡುವಿನ ಒಂದು ಗಳಿಗೆ ಕಾನೂನೇ ಇರುವುದಿಲ್ಲ.
ಯಾರೂ ಬಾಗಿಲು ತಟ್ಟದಿರಲಿ ಎಂದು ಉಸಿರು ಹಿಡಿಯುತ್ತೇನೆ.

ಬಂಟ್ವಾಳದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು.
ಮದ್ರಸದಲ್ಲಿ ಕಲಿತದ್ದು ಅಕ್ಷರ, ಅರ್ಥ ಇಲ್ಲಿ ಬಂದು;
ಬಂದ ಮೇಲೆ ನೋಡಿದರೆ ಅರ್ಧ ಅರ್ಥ ಅಲ್ಲೇ ಕಲಿತಿದ್ದೆ:
ವಕೀಲ, ಹುಕುಂ, ವಾರಸು, ದಾವೆ
ಎಲ್ಲ ನಮ್ಮ ಕೋರ್ಟಿನ ಜಗಲಿಯಲ್ಲಿ ಬೀಡಿ ಸೇದಿದವರೇ.
ಸುಡಾನಿನ ಉಸ್ತಾದ್ ಬಾಬಿಕರ್ ಅವರಿಗೆ ಹೇಳಿದೆ,
ನಮ್ಮಲ್ಲಿ ಕಲಮು ಅಂದರೆ ಕಾಯಿದೆಯ ಒಂದು ತುಂಡು.
ನಮ್ಮಲ್ಲಿ ಲೇಖನಿ, ಅಂದರು.
ನಮ್ಮಲ್ಲಿ ತಕರಾರು ಅಂದರೆ ಜಗಳ.
ನಮ್ಮಲ್ಲಿ, ಹೇಳಿದ್ದನ್ನೇ ಮತ್ತೆ ಹೇಳುವುದು.
ಇಬ್ಬರೂ ಚಹಾ ಕುಡಿದೆವು. ಏನು ಮಹಾ ವ್ಯತ್ಯಾಸ.

ತೆಗೆದ ಹಾಳೆ ಚೂರುಯಂತ್ರಕ್ಕೆ ಹೋಗಬೇಕು, ಅದು ನಿಯಮ.
ನಾನು ಹಾಕಲಿಲ್ಲ. ಕಾಗದ ಒಳ್ಳೆಯದು, ಅಂಚು ಅಗಲ.
ಹಮ್ರಿಯಾದ ಕೋಣೆಯಲ್ಲಿ, ಮಂಚದ ಕೆಳಗೆ,
ಹಾಲುಪುಡಿ ಪೆಟ್ಟಿಗೆಯ ತುಂಬ ರದ್ದಾದ ಕಲಮುಗಳು.
ಅಂಚಿನಲ್ಲಿ ನನ್ನ ಲೆಕ್ಕ: ಅಕ್ಕಿ, ಫೋನ್ ಕಾರ್ಡು,
ರಿಯಾಲಿನ ಅಂದಿನ ದರ, ಉಮರಬ್ಬನಿಗೆ ಕೊಡಬೇಕಾದ್ದು.
ಕೆಲವಕ್ಕೆ ಒಣಮೀನಿನ ವಾಸನೆ.
ಎಂಥ ಹುಚ್ಚು ಮಾರಾಯ ನಿಂದು, ಎನ್ನುತ್ತಾನೆ ಪಕ್ಕದ ಮಂಚದವನು.

ಈಗ ಕಂಪ್ಯೂಟರಿದೆ. ಒಂದು ಪದ ಒತ್ತಿದರೆ ಸಾವಿರ ತೀರ್ಪು.
ಆದರೆ ಅದಕ್ಕೆ ಗೊತ್ತಿರುವುದು ಇವತ್ತು ಮಾತ್ರ;
ನಿನ್ನೆಯನ್ನು ಕೇಳಿದರೆ ಚಕ್ರ ತಿರುಗಿಸುತ್ತ ಕೂರುತ್ತದೆ.

ಶಫಿಕುಲ್, ಸೊಹಾರ್ ಕಡೆಯ ವೆಲ್ಡರ್, ಬಲಗಣ್ಣು ಬಿಳಿ.
ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಮತ್ತೆ ಕೆಳಗೆ,
ಒಂಬತ್ತು ವರ್ಷದ ಕಡತ, ಮಗುವಿನಷ್ಟು ತೂಕ.
ಉಸ್ತಾದ್ ತಲೆ ಎತ್ತಿದರು: ಇವನ ಕಣ್ಣು ಹೋದದ್ದು
ತಿದ್ದುಪಡಿಗೆ ಮೊದಲು. ಕಪಾಟಿನಲ್ಲಿರುವುದು ನಂತರದ್ದು.
ಗೆಜೆಟ್ಟಿನ ಆ ಸಂಪುಟ
ಬೈಂಡಿಂಗಿಗೆ ಹೋದದ್ದು ಹೋಗಿಯೇಬಿಟ್ಟಿದೆ.
ಅಂದಿಗೆ ಇದ್ದಂತೆ ಬೇಕು. ನಾಳೆ ಬೆಳಿಗ್ಗೆ.

ರಾತ್ರಿ ಪೆಟ್ಟಿಗೆ ಸುರಿದೆ. ಐದು ಜನರ ಗೊರಕೆ,
ಬಾಯಲ್ಲಿ ಕಚ್ಚಿದ ಟಾರ್ಚು.
ಎರಡು ಗಂಟೆಗೆ ಸಿಕ್ಕಿತು, ೨೧೪.
ಬದಿಯಲ್ಲಿ ನೀಲಿ ಶಾಯಿ, ನನ್ನದೇ ಅಕ್ಷರ:
ಮಿಸ್ರಿಯಾಗೆ ಜ್ವರ ಬಿಟ್ಟಿತಂತೆ. ಗಂಜಿ ಕುಡಿದಳಂತೆ.
ಯಾವ ಜ್ವರ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.
ಅವಳೀಗ ಅವಳುಮ್ಮನಿಗಿಂತ ಎತ್ತರ, ಫೋಟೋದಲ್ಲಿ.

ಬಿಳಿ ಹಚ್ಚಿ ಮುಚ್ಚಲು ಹೋದೆ. ಉಸ್ತಾದ್ ಕೈ ಹಿಡಿದರು:
ದಾಖಲೆ ತಿದ್ದಬಾರದು.
ಹಾಗೇ ಪ್ರತಿ ತೆಗೆದೆವು, ಜ್ವರ ಸಮೇತ, ಮೊಹರು ಸಮೇತ.

ನ್ಯಾಯಾಧೀಶರು ಕನ್ನಡಕ ಏರಿಸಿದರು:
ಅಂಚಿನಲ್ಲಿ ಇದೇನು, ತಸ್ಬಿಯ ಮಣಿ ಚೆಲ್ಲಿದ ಹಾಗೆ?
ಉಸ್ತಾದ್ ತಿರುಗಿ ನನ್ನನ್ನು ನೋಡಿದರು.
ಆಮೇಲೆ ಕರೀ ನಿಲುವಂಗಿ ಸರಿಮಾಡಿಕೊಂಡು,
ಅದೂ ಅಂದು ಜಾರಿಯಲ್ಲಿದ್ದದ್ದೇ, ಮಹಾಸ್ವಾಮಿ, ಅಂದರು.

ತೀರ್ಪು ಇನ್ನೂ ಬಂದಿಲ್ಲ.
ಇಂದು ಭಾನುವಾರ. ತೆಗೆಯಿರಿ ೯೦, ಎಂದಿದೆ ಚೀಟಿ.
ಸೇರಿಸಿರಿ ಎಂಬಲ್ಲಿ ಏನೂ ಇಲ್ಲ.
ಟಕ್.
ಹಾಳೆಯ ಅಂಚಿನಲ್ಲಿ ಬರೆದುಕೊಂಡೆ:
ಶಫಿಕುಲ್, ಮಿಸ್ಡ್ ಕಾಲ್, ಮೂರು ಸಲ.