ಮಾಯಬಾರದ ಗಾಯ

ಜುಲೈ ಬಂದರೆ ಮರದ ಬುಡ ಗುಡಿಸಿ
ಬಿಳಿ ಮಣ್ಣು ಹಾಸುತ್ತೇವೆ.
ಆಮೇಲೆ ತೊಗಟೆಗೆ ಗೀರು, ತೀರಾ ಆಳವಲ್ಲ,
ಉಗುರಿನ ಮಂದದಷ್ಟು.
ಮಸ್ತಿಖಾ ಮರ ಅಳುತ್ತದೆ.
ಖಿಯೋಸ್ ದ್ವೀಪದ ತೆಂಕಣ ಊರುಗಳೆಲ್ಲ
ಆ ಕಣ್ಣೀರು ಮಾರಿ ಉಂಡಿವೆ.
ನಾನೂ ಉಂಡಿದ್ದೇನೆ, ಐವತ್ತೆರಡು ಬೇಸಿಗೆ.
ಹಳೆಯ ಗೀರು ಮುಚ್ಚಿಕೊಂಡುಬಿಡುತ್ತದೆ,
ಮತ್ತೆ ಹೊಸದು ಹಾಕಬೇಕು. ಮರದ ಜಾತಿಯೇ ಹಾಗೆ.

ಇದನ್ನೆಲ್ಲ ಡಾಕ್ಟರ್ ಲೆಫ್ಕೊಥೆಯಾಗೆ ಹೇಳಿದೆ,
ಅವಳು ನನ್ನ ಎಡಗಣ್ಣಿನ ಬಿಳಿಯಲ್ಲಿ
ಕಿಂಡಿ ಕೊರೆದ ಮರುದಿನ.
ಒಳಗಿನ ನೀರು ಹೋಗಲು ದಾರಿಯಿಲ್ಲದೆ ಒತ್ತಿ
ನರವನ್ನು ಅಂಚಿನಿಂದ ತಿನ್ನುತ್ತಿತ್ತಂತೆ.
ನನಗೆ ಗೊತ್ತಾದದ್ದು ಇಷ್ಟೇ:
ಎಡಕ್ಕೆ ಬಂದು ನಿಂತ ಕತ್ತೆ
ಕೂಗುವವರೆಗೂ ಅಲ್ಲಿ ಇರಲೇ ಇಲ್ಲ.

"ಬೇಗ ಮಾಯಲಿ ಅಂತ ಹರಕೆ ಹೊರಬೇಡಿ, ಸ್ತಮಾತಿಯಾ,
ಈ ಗಾಯ ಮಾಯಬಾರದು."
ಹಡೆದಾಗಿನ ಹೊಲಿಗೆ, ಕುಡುಗೋಲು ಕಚ್ಚಿದ ಬೆರಳು,
ಗಂಡ ಸತ್ತ ವರ್ಷ,
ಎಲ್ಲಕ್ಕೂ ಮಾಯು ಮಾಯು ಎಂದವಳು ನಾನು.
ಈಗ ಮೈಯ ಒಳ್ಳೆಯತನವೇ ನನಗೆ ಹಗೆ.
ಕಿಂಡಿ ಕಂಡದ್ದೇ ಕೋಶಗಳು ಓಡಿ ಬರುತ್ತವಂತೆ,
ಕರೆಯದ ನೆಂಟರ ಹಾಗೆ ಮೈಮುರಿದು ದುಡಿದು
ಎಳೆಗೆ ಎಳೆ ಬಿಗಿದು ಮುಚ್ಚುತ್ತವಂತೆ.
ಅದು ಮಾಯದಿದ್ದರಷ್ಟೇ
ನನ್ನ ಲೋಕ ಮಾಯವಾಗದು.

ಮೊದಲು ಅವಳು ಥೆಸಲೊನೀಕಿಯ ಪ್ರಯೋಗಶಾಲೆಯಲ್ಲಿದ್ದಳು.
ಗಾಜಿನ ತಟ್ಟೆಯಲ್ಲಿ ಅಂಥವೇ ಕೋಶ ಬೆಳೆಸಿ
ವಿಟಮಿನ್ ಇ ಹನಿಸಿದರೆ
ಅವುಗಳ ಅವಸರ ತಗ್ಗುತ್ತಿತ್ತಂತೆ.
"ಟೊಕೊಫೆರಾಲ್," ಎಂದಳು. ನಾನು ನಕ್ಕೆ.
ತೋಕೋಸ್ ಅಂದರೆ ನಮ್ಮಲ್ಲಿ ಬಡ್ಡಿ,
ಹಳೆಯ ಮಾತಿನಲ್ಲಿ ಹೆರಿಗೆ.
ಕಣ್ಣಿಗೆ ಯಾವುದು?

"ಹಾಗಾದರೆ ದಿನಾ ಒಂದು ಲೋಟ ಎಣ್ಣೆ ಕುಡಿಯಲೇ?"
"ಬೇಡ. ತಟ್ಟೆ ತಟ್ಟೆಯೇ, ಕಣ್ಣು ಕಣ್ಣೇ.
ನಿಮಗೆ ಹಚ್ಚಿದ್ದು ಬೇರೆ ಮದ್ದು, ಬಲು ಕಟುವಾದದ್ದು.
ಇದು ಕಣ್ಣಲ್ಲೂ ಹಾಗೇ ಮಾಡುತ್ತದೋ, ಗೊತ್ತಿಲ್ಲ."
ಗೊತ್ತಿಲ್ಲ ಎನ್ನುವ ಡಾಕ್ಟರನ್ನು
ಮೊದಲ ಸಲ ಕಂಡೆ,
ಬಲಗಣ್ಣಿನಿಂದ.

ಈಗ ಮೇಲಿನ ರೆಪ್ಪೆಯಡಿ ಒಂದು ಬೊಬ್ಬೆ,
ಮಸೂರಿ ಬೇಳೆಯಷ್ಟು.
ನೀರು ಸದ್ದಿಲ್ಲದೆ ಅಲ್ಲಿಗೆ ಬಂದು ಇಂಗುತ್ತದೆ.
ಬೆಳಿಗ್ಗೆ ಎದ್ದು ಕನ್ನಡಿಯಲ್ಲಿ ನೋಡುತ್ತೇನೆ:
ಇದೆಯಾ? ಇದೆ.

ಬಗ್ಗಬಾರದಂತೆ, ಆರು ವಾರ.
ಬುಡ ಗುಡಿಸಲು ಪಕ್ಕದ ಮನೆಯ ಹುಡುಗ ಬರುತ್ತಾನೆ,
ಅರ್ಧ ಕಸ ಅಲ್ಲೇ ಬಿಡುತ್ತಾನೆ.
ನಾನು ನಿಂತಲ್ಲೇ
ಕಳೆದ ವಾರದ ಗೀರನ್ನು ಬೆರಳಲ್ಲಿ ಸವರಿದೆ.
ಮುಚ್ಚಿತ್ತು.
ನಿನ್ನ ಪಾಡಿಗೆ ನೀನು ಮಾಯು, ಎಂದೆ.